ಮಾತು ತಿಳಿಯದ ಪಿಕ್ಚರುಗಳು

ಔರಾದದಿಂದ ಬೆಳಿಗ್ಗೆ ಏಳೂಕಾಲಿಗೆ ಬೀದರಿಗೆ ಹೊರಡುವ ಬಸ್ಸಿನಲ್ಲಿ, ಶುಕ್ರವಾರ ಬಂತೆಂದರೆ ಮುಂದಿನ ಸೀಟುಗಳು ಬೇಗ ತುಂಬುತ್ತಿದ್ದವು. ಡ್ರೈವರ್ ಶಿವರಾಜಪ್ಪನಿಗೂ ಕಂಡಕ್ಟರ್ ಅಬ್ದುಲ ಗಫೂರನಿಗೂ ಗುರುವಾರ ವಾರದ ರಜೆ. ಅಂದು ಇಬ್ಬರೂ ಬೀದರಿನಲ್ಲಿ ಮ್ಯಾಟಿನಿಗೆ ಹೋಗುತ್ತಿದ್ದರು. ಕನ್ನಡ, ಹಿಂದಿ, ತೆಲುಗು, ಮರಾಠಿ, ಯಾವುದಿದ್ದರೂ ಸೈ. ಮರುದಿನ ಬಸ್ಸು ಬಿಡುವ ಮುಂಚಿನ ಹತ್ತು ನಿಮಿಷ ಆ ಪಿಕ್ಚರಿನ ವಿಚಾರಣೆ. ಹನ್ನೊಂದು ವರ್ಷದಿಂದ ಇದೇ ನಡೆದುಬಂದಿತ್ತು.

ಗಫೂರನಿಗೆ ಹಾಡು ಮತ್ತು ಹೊಡೆದಾಟ ಸರಿಯಾಗಿದ್ದರೆ ಸಾಕು. ಶಿವರಾಜಪ್ಪನದು ಬೇರೆ ಲೆಕ್ಕ. ಹರೆಯದಲ್ಲಿ ಊರ ನಾಟಕಗಳಲ್ಲಿ ಪಾತ್ರ ಮಾಡಿದವನು. ಮಾತು ಚೆನ್ನಾಗಿದ್ದರೆ ಮಾತ್ರ ಅವನು ಪಿಕ್ಚರನ್ನು ಒಪ್ಪುತ್ತಿದ್ದ. ಇಷ್ಟವಾದ ಸಂಭಾಷಣೆಯನ್ನು ಸ್ಟೇರಿಂಗಿನ ಮುಂದೆ ಕೂತೇ ಧ್ವನಿ ಬದಲಿಸಿ ಹೇಳಿ ತೋರಿಸುತ್ತಿದ್ದ. ಸಂತಪುರದ ಸಾಲೆಗೆ ದಿನಾ ಇದೇ ಬಸ್ಸಿನಲ್ಲಿ ಹೋಗುವ ಟೀಚರ್ ಸರಸ್ವತಿಬಾಯಿ ಅದನ್ನು ಕೇಳಿಯೇ ಭಾನುವಾರ ಯಾವ ಪಿಕ್ಚರಿಗೆ ಹೋಗಬೇಕೆಂದು ನಿರ್ಧರಿಸುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಮಾತ್ರ ಶಿವರಾಜಪ್ಪನ ಅಭಿಪ್ರಾಯ ಒಂದೇ ಆಗತೊಡಗಿತು.

"ಏನ್ ಹೇಳ್ಲಿರಿ ಬಾಯಾರ. ಹೀರೋ ಬಾಯಾಗ ಅಡಕಿ ಇಟ್ಕೊಂಡಂಗ ಮಾತಾಡ್ತಾನ. ಒಂದು ಮಾತೂ ತಿಳ್ಯಂಗಿಲ್ಲ."

ಅದು ಪೊಲೀಸ್ ಕತೆಯ ಪಿಕ್ಚರು. ಮುಂದಿನ ವಾರ ಹಳ್ಳಿಯ ಕತೆ, ಅದಕ್ಕೂ ಅದೇ ಮಾತು. ಅದರ ಮುಂದಿನ ವಾರ ದೆವ್ವದ ಪಿಕ್ಚರು. "ದೆವ್ವ ಹೋಗ್ಲಿ, ಮನಿಷ್ಯಾರರೆ ಬಾಯಿ ಬಿಟ್ಟು ಮಾತಾಡಬೇಕಿಲ್ಲೇನ್ರಿ? ಬರೇ ಧಡಂ ಧಡಂ ಬಾಜಾ." ಥೇಟರಿನ ಸ್ಪೀಕರ್ ಕೆಟ್ಟಿರಬೇಕೆಂದು ಒಮ್ಮೆ ಇಂಟರ್ವಲ್ಲಿನಲ್ಲಿ ಮ್ಯಾನೇಜರ್ ಜೊತೆ ಜಗಳವನ್ನೂ ತೆಗೆದ. ಬೇರೆ ಥೇಟರಿಗೆ ಹೋದರು. ಅಲ್ಲಿಯ ಹೀರೋಗಳೂ ಅಡಿಕೆ ಇಟ್ಟುಕೊಂಡೇ ಮಾತಾಡುತ್ತಿದ್ದರು.

ಸಂಕ್ರಾಂತಿಯ ಹೊತ್ತಿಗೆ ಒಂದು ನಗೆ ಪಿಕ್ಚರು ಬಂತು. ಸರಸ್ವತಿಬಾಯಿ ಮಗನ ಜೊತೆ ಅದನ್ನು ಮೊದಲೇ ನೋಡಿ ಬಂದಿದ್ದರು. ಶುಕ್ರವಾರ ಬಸ್ಸು ಹತ್ತಿದವರೇ ಕೇಳಿದರು:

"ಈ ಸಲ ಏನಂತೀರಿ ಶಿವರಾಜಣ್ಣಾ? ಮಾತು ಭಾಳ ಛಲೋ ಬರ್ದಾರ, ಅಲ್ಲೇನ್ರಿ? ಆ ಅತ್ತಿ-ಸೊಸಿ ಜಗಳದಾಗ ನಕ್ಕು ನಕ್ಕು ನನ್ನ ಹೊಟ್ಟಿ ನೋಯ್ತು."

"ಎಲ್ಲಿ ಛಲೋರಿ? ಅತ್ತಿ ಏನಂದ್ಲು, ಸೊಸಿ ಏನಂದ್ಲು, ಯಾರಿಗೆ ಗೊತ್ತಾತು?"

ಸರಸ್ವತಿಬಾಯಿ ಗಫೂರನ ಮುಖ ನೋಡಿದರು. ಗಫೂರ ಟಿಕೆಟ್ ಮಷೀನಿನ ಕಾಗದ ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದ. ಅವನಿಗೆ ಹಿಂದಿನ ದಿನದ ಒಂದು ಸಂಗತಿ ನೆನಪಾಗಿತ್ತು. ಥೇಟರಿನಲ್ಲಿ ಎಲ್ಲರೂ ನಕ್ಕಾಗ ಶಿವರಾಜಪ್ಪ ನಗಲಿಲ್ಲ. ಎಡಕ್ಕೆ ಬಲಕ್ಕೆ ತಿರುಗಿ, ಜನರ ಮುಖ ನೋಡಿ, ಆಮೇಲೆ ನಕ್ಕಿದ್ದ. ಪ್ರತಿ ಸಲವೂ ಹಾಗೇ ಮಾಡಿದ್ದ.

ಆ ಮಧ್ಯಾಹ್ನ ಬೀದರಿನಲ್ಲಿ ಬಸ್ಸು ನಿಂತಾಗ, ಗಫೂರ ಶಿವರಾಜಪ್ಪನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳಿದ: "ಅಣ್ಣಾ, ಚಾ ಕುಡಿಯೋಣ ಬರ್ರಿ." ಶಿವರಾಜಪ್ಪ ಕನ್ನಡಿ ಒರೆಸುತ್ತಲೇ ಇದ್ದ. ಗಫೂರ ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದ. ಬಟ್ಟೆ ಕನ್ನಡಿಯ ಮೇಲೆ ಆಡುತ್ತಲೇ ಇತ್ತು.

ಕಿವಿ ಕೇಳಿಸುತ್ತಿಲ್ಲವೆಂಬ ಮಾತು ಗಫೂರನ ಬಾಯಿಗೆ ಬಂತು. ಆದರೆ ಮುಂದಿನ ತಿಂಗಳು ಡ್ರೈವರುಗಳ ವೈದ್ಯಕೀಯ ತಪಾಸಣೆ ಇತ್ತು. ಕಿವಿ ಕೇಳಿಸದ ಡ್ರೈವರನಿಗೆ ಯಾರು ಬಸ್ಸು ಕೊಡುತ್ತಾರೆ? ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದವನನ್ನು ಡಿಪೋದ ಯಾವುದೋ ಮೂಲೆಯಲ್ಲಿ ಸ್ಟೂಲ್ ಮೇಲೆ ಕೂರಿಸುತ್ತಾರೆ. ಗಫೂರ ಹೇಳಲಿಲ್ಲ. ಅದರ ಬದಲು ಅಂದಿನಿಂದ ಸೀಟಿ ಊದುವ ಜೊತೆಗೆ ಬಸ್ಸಿನ ತಗಡನ್ನೂ ಅಂಗೈಯಿಂದ ಬಡಿಯತೊಡಗಿದ. ಶಿವರಾಜಪ್ಪನೂ ಸೀಟಿಯನ್ನು ನೆಚ್ಚಿಕೊಂಡಿರಲಿಲ್ಲ. ಕನ್ನಡಿ ನೋಡುತ್ತಿದ್ದ, ಬಾಗಿಲು ಮುಚ್ಚಿದಾಗ ಸೀಟಿನ ಕೆಳಗೆ ಬರುವ ಅದುರಾಟವನ್ನು ಹಿಡಿದು ಗೇರು ಹಾಕುತ್ತಿದ್ದ. ಒಬ್ಬರಿಗೊಬ್ಬರು ಏನೂ ಹೇಳದೆ ಇಬ್ಬರೂ ಹೀಗೆ ಮೂರು ವಾರ ನಡೆಸಿದರು.

ಫೆಬ್ರವರಿಯ ಒಂದು ಮಂಗಳವಾರ ಸಂತಪುರದಲ್ಲಿ ಈ ಉಪಾಯ ಕೈಕೊಟ್ಟಿತು. ಸಂತೆಗೆ ಹೊರಟವರಿಂದ ಬಸ್ಸು ತುಂಬಿತ್ತು. ಗಫೂರ ಹಿಂದಿನ ಸೀಟಿನ ಹತ್ತಿರ ಜನರ ನಡುವೆ ಸಿಕ್ಕಿಕೊಂಡಿದ್ದ. ಇಳಿಯುತ್ತಿದ್ದ ಸರಸ್ವತಿಬಾಯಿ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ಇನ್ನೊಂದನ್ನು ನೆಲಕ್ಕೆ ಇಡುವುದರಲ್ಲಿದ್ದರು. ಅಷ್ಟರಲ್ಲಿ ಯಾರೋ ತೊಗರಿಯ ಚೀಲವನ್ನು ಧೊಪ್ಪೆಂದು ಒಳಗೆ ಎಸೆದರು. ಬಸ್ಸಿನ ನೆಲ ಅದುರಿತು. ಕನ್ನಡಿಗೆ ಜನ ಅಡ್ಡವಾಗಿದ್ದರು; ಶಿವರಾಜಪ್ಪ ಬಾಗಿಲು ಮುಚ್ಚಿತೆಂದು ತಿಳಿದು ಗೇರು ಹಾಕಿದ.

ಗಫೂರ ಬಸ್ಸು ನಿಲ್ಲಿಸಲು ಉಸಿರು ತುಂಬಿಕೊಂಡು ಉದ್ದಕ್ಕೆ ಸೀಟಿ ಊದಿದ. ಮತ್ತೆ ಊದಿದ. ಬಸ್ಸು ಮುಂದೆ ಸರಿಯಿತು. ಸರಸ್ವತಿಬಾಯಿಯ ಕೈಯಿಂದ ಬಾಗಿಲ ಪಕ್ಕದ ಸಲಾಕೆ ಜಾರಿತು; ಅವರು ರಸ್ತೆಯ ಮೇಲೆ ಮೊಣಕಾಲೂರಿ ಬಿದ್ದರು. ಹಿಂದಿನ ಗಾಲಿ ಅವರಿಂದ ಎರಡು ಗೇಣು ದೂರದಲ್ಲಿತ್ತು. ಜನ ಕೂಗಿದರು. ಮುಂದಿನ ಸೀಟಿನ ಹೆಂಗಸೊಬ್ಬಳು ಶಿವರಾಜಪ್ಪನ ಹೆಗಲು ಹಿಡಿದು ಅಲ್ಲಾಡಿಸಿದ ಮೇಲೆಯೇ ಅವನು ಬ್ರೇಕ್ ಒತ್ತಿದ್ದು.

ಕೆಳಗಿಳಿದು ಓಡಿಬಂದ. ಸರಸ್ವತಿಬಾಯಿ ಅಷ್ಟರಲ್ಲಿ ಎದ್ದು ನಿಂತು ಸೀರೆಯ ಧೂಳು ಝಾಡಿಸುತ್ತಿದ್ದರು. ಅಂಗೈ ತರಚಿತ್ತು, ಮೊಣಕಾಲಿನ ಹತ್ತಿರ ಸೀರೆ ಹರಿದಿತ್ತು.

"ಏನೂ ಆಗಿಲ್ಲ, ಏನೂ ಆಗಿಲ್ಲ," ಎಂದರು ಅವರು.

ಶಿವರಾಜಪ್ಪ ಗಫೂರನ ಕಡೆ ತಿರುಗಿದ. "ಸೀಟಿ ಹೊಡಿಲಿಲ್ಲೇನ್ ಗಫೂರಭಾಯಿ?"

"ಹೊಡ್ದೀನಣ್ಣಾ," ಎಂದ ಗಫೂರ. "ಎರಡು ಸಲ ಹೊಡ್ದೀನಿ."

ಶಿವರಾಜಪ್ಪ ಗಫೂರನ ಕೊರಳಲ್ಲಿ ತೂಗುತ್ತಿದ್ದ ಸೀಟಿಯನ್ನೇ ನೋಡಿದ. ಆಮೇಲೆ ಬಸ್ಸಿನ ಕೀಲಿ ತೆಗೆದು ಅವನ ಕೈಗಿಟ್ಟ. "ಡಿಪೋಕ್ಕ ಫೋನ್ ಹಚ್ಚು. ಬ್ಯಾರೆ ಡ್ರೈವರ್ ಕಳಿಸ್ರಿ ಅಂತ ಹೇಳು. ಇನ್ನ ನಾ ಇದನ್ನ ಮುಟ್ಟಂಗಿಲ್ಲ."

ಬೇರೆ ಡ್ರೈವರ್ ಬಂದು ಬಸ್ಸು ಒಯ್ದ. ಜನರ ಗದ್ದಲದಲ್ಲಿ ಸೀಟಿ ಕೇಳಿಸಲಿಲ್ಲವೆಂದು ಇಬ್ಬರೂ ಡಿಪೋದಲ್ಲಿ ಬರೆದುಕೊಟ್ಟರು. ಮೈಗೆ ಆರಾಮಿಲ್ಲವೆಂದು ಶಿವರಾಜಪ್ಪ ಹತ್ತು ದಿನ ರಜೆ ಹಾಕಿದ. ಅಂದು ಸಂಜೆ ಬೀದರ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಬ್ಬರೂ ಎದುರುಬದುರು ಕೂತರು. ಚಹಾ ಆರುತ್ತಿತ್ತು.

"ನಿಂಗ ಗೊತ್ತಿತ್ತೇನು?" ಎಂದು ಕೇಳಿದ ಶಿವರಾಜಪ್ಪ.

ಗಫೂರ ಹೌದೆಂದು ತಲೆಯಾಡಿಸಿದ. ಆಮೇಲೆ ಮುಖವನ್ನು ಅವನಿಗೆ ಸರಿಯಾಗಿ ಎದುರು ಮಾಡಿ, ಒಂದೊಂದೇ ಮಾತು ಬಿಡಿಸಿ ಹೇಳಿದ: "ಗೊತ್ತಿತ್ತು. ನಾ ಹೇಳ್ಬೇಕಿತ್ತು. ತಪ್ಪು ನಂದೂ ಅದ."

"ನಂಗೂ ಗೊತ್ತಿತ್ತು. ಪಿಕ್ಚರಿಗೆ ಬೈದೆ, ಥೇಟರಿಗೆ ಬೈದೆ. ಬೈದಷ್ಟು ದಿನ ಧೈರ್ಯ ಇತ್ತು." ಶಿವರಾಜಪ್ಪ ಚಹಾದ ಬಸಿಯನ್ನು ಬೆರಳಿನಿಂದ ತಿರುಗಿಸುತ್ತ ಕೂತ. "ನಮ್ಮಪ್ಪಂದು ಐವತ್ತಕ್ಕ ಕಿವಿ ಹೋದ್ವು. ಮನ್ಯಾಗ ಎಲ್ಲಾರೂ ಕೂತು ಮಾತಾಡೋರು. ಅಂವ ಒಬ್ಬಂವ ಗ್ವಾಡಿ ಕಡಿ ಮಾರಿ ಮಾಡಿ ಕೂಡ್ತಿದ್ದ. ನಾವು ಕರೀತಿದ್ದಿಲ್ಲ. ಕರದ್ರೂ ಕೇಳ್ಸಂಗಿಲ್ಲ ಅಂತ ಬಿಟ್ಟಿದ್ವಿ. ಈಗ ನಂಗ ಐವತ್ತೆರಡು."

ಗಫೂರ ತನ್ನ ಚಹಾ ಮುಗಿಸಿ, "ನಾಳಿ ಭಾಲ್ಕಿಗೆ ಹೋಗೋಣರಿ," ಎಂದ. ಬೀದರಿನಲ್ಲಿ ಡಾಕ್ಟರಿಗೆ ತೋರಿಸಿದರೆ ಡಿಪೋದವರ ಕಣ್ಣಿಗೆ ಬೀಳುತ್ತದೆ. ಭಾಲ್ಕಿಯಲ್ಲಿ ಕಿವಿಯ ಡಾಕ್ಟರ್ ಒಬ್ಬರಿದ್ದಾರೆಂದು ಅವನ ಬೀಗರು ಹೇಳಿದ್ದರು.

ಡಾಕ್ಟರ್ ಕೇತಕಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಸಣ್ಣ ದೀಪ ಹಿಡಿದು ಎರಡೂ ಕಿವಿ ನೋಡಿದರು. ಬಹಳ ಹೊತ್ತು ನೋಡಿದರು. ಶಿವರಾಜಪ್ಪ ಎದುರಿನ ಗೋಡೆಯ ಮೇಲಿದ್ದ ಕಿವಿಯ ಚಿತ್ರದಲ್ಲಿ ಕಣ್ಣು ನೆಟ್ಟಿದ್ದ.

"ಕಿವ್ಯಾಗ ಏನೇನು ಹಾಕ್ತೀರಿ?" ಎಂದು ಡಾಕ್ಟರ್ ಜೋರಾಗಿ ಕೇಳಿದರು.

"ಏನಿಲ್ರಿ. ಕೆರದ್ರ ಬಸ್ಸಿನ ಕೀಲಿ. ಇಲ್ಲಾಂದ್ರ ಕಡ್ಡಿ."

"ಎಷ್ಟು ವರ್ಷದಿಂದ?"

ಶಿವರಾಜಪ್ಪ ಗಫೂರನ ಮುಖ ನೋಡಿದ. "ಡ್ರೈವರ್ ಆದಾಗಿಂದ ಇರ್ಬೇಕ್ರಿ," ಎಂದ ಗಫೂರ.

ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕಲ್ಲಿನಂತೆ ಕೂತಿದೆ, ರಸ್ತೆಯ ಧೂಳೂ ಸೇರಿದೆ, ಕಡ್ಡಿ ಹಾಕಿ ಹಾಕಿ ಒಳಗೆ ನೂಕಿದ್ದಾರೆ ಎಂದರು ಡಾಕ್ಟರ್. ಐದು ದಿನ ಹನಿ ಹಾಕಿ ಮೆತ್ತಗೆ ಮಾಡಬೇಕು, ಆಮೇಲೆ ತೆಗೆಯಬೇಕು. "ಅದರ ಹಿಂದ ಏನದ ಅಂಬೋದು ತೆಗೆದ ಮ್ಯಾಲೇ ಹೇಳ್ತೇನಿ. ಗುಗ್ಗಿ ಅಷ್ಟೇ ಇದ್ರ ಬಚಾವ್. ನರ ಸೋತಿದ್ರ ಕಿವಿಗೆ ಕೇಳೋ ಮಶೀನ್ ಹಾಕೋದಾಗ್ತದ. ಈಗ ಏನೂ ಹೇಳಕ್ಕ ಬರಂಗಿಲ್ಲ."

ಆ ಐದು ದಿನ ಶಿವರಾಜಪ್ಪನಿಗೆ ಉದ್ದವಾದವು. ಹನಿ ಹಾಕಿದ ಮೇಲೆ ಗುಗ್ಗೆ ಉಬ್ಬಿ, ಇದ್ದಬದ್ದ ಸದ್ದೂ ಹೋಯಿತು. ಹೆಂಡತಿ ರುಕ್ಮಿಣಿಬಾಯಿ ರೊಟ್ಟಿ ಬಡಿಯುವುದು ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ. ಅವಳು ಮಗಳ ಜೊತೆ ಮಾತಾಡಿ ನಕ್ಕರೆ, ತನ್ನ ಬಗ್ಗೆಯೇ ನಗುತ್ತಿದ್ದಾಳೆಂದು ಅನಿಸುತ್ತಿತ್ತು. ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತ. ಕೂತ ಮೇಲೆ ತಾನು ಗೋಡೆಯ ಕಡೆ ಮುಖ ಮಾಡಿರುವುದು ಗಮನಕ್ಕೆ ಬಂದು, ಎದ್ದು ಒಳಗೆ ಬಂದು ಹೆಂಡತಿಯ ಪಕ್ಕದಲ್ಲೇ ಕೂತ. ಅವಳು ಹಿಟ್ಟಿನ ಕೈಯಿಂದಲೇ ಅವನ ಮುಂದೆ ಒಂದು ಬಿಸಿ ರೊಟ್ಟಿ ಇಟ್ಟಳು.

ಮೂರನೆಯ ದಿನ ಅವನು ಸರಸ್ವತಿಬಾಯಿಯ ಮನೆಗೆ ಹೋದ. ಅವರ ಮಗ ವಿನೀತ ಬಾಗಿಲು ತೆರೆದವನು ಒಳಗೆ ಕರೆಯಲಿಲ್ಲ. ದೂರು ಕೊಡಬೇಕೆಂದು ಅವನು ತಾಯಿಯ ಹಿಂದೆ ಬಿದ್ದಿದ್ದ. ಸರಸ್ವತಿಬಾಯಿಯೇ ಕುಂಟುತ್ತ ಬಂದು ಕುರ್ಚಿ ಹಾಕಿಸಿದರು.

"ನಂಗ ಕೇಳಸ್ತಿದ್ದಿಲ್ರಿ ಬಾಯಾರ," ಎಂದ ಶಿವರಾಜಪ್ಪ. ಕೇಳಿಸದವರು ಮಾತಾಡುವ ಹಾಗೆ ಜೋರಾಗಿಯೇ ಹೇಳಿದ. "ಗೊತ್ತಿದ್ದೂ ಬಸ್ ಹೊಡ್ದೀನಿ. ನೀವು ದೂರು ಕೊಟ್ರ ನಾ ಬ್ಯಾಡನ್ನಂಗಿಲ್ಲ. ಕಿವಿ ಸರಿ ಆಗ್ಲಿಲ್ಲಂದ್ರ ನಾನೇ ಡಿಪೋದಾಗ ಬರ್ದು ಕೊಡ್ತೇನಿ, ಇನ್ನ ಬಸ್ ಹೊಡ್ಯಂಗಿಲ್ಲ ಅಂತ."

ಸರಸ್ವತಿಬಾಯಿ ಮೇಜಿನ ಮೇಲಿದ್ದ ಮಕ್ಕಳ ನೋಟ್‌ಬುಕ್ಕೊಂದರ ಹಿಂದಿನ ಹಾಳೆಯಲ್ಲಿ ಬರೆದು ತೋರಿಸಿದರು: 'ನೀವು ಬಂದು ಹೇಳಿದ್ದು ಛಲೋ ಆಯಿತು. ಮೊದಲು ಔಷಧ ಆಗಲಿ.' ವಿನೀತ ಹಾಳೆ ಓದಿ, ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟ.

ಐದನೆಯ ದಿನ ಮತ್ತೆ ಭಾಲ್ಕಿ. ಗಫೂರ ರಜೆ ಹಾಕಿ ಜೊತೆಗೆ ಬಂದ, ಒಳಗೆ ಮಾತ್ರ ಬರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತು ಜಪಮಾಲೆ ಕೈಯಲ್ಲಿ ಹಿಡಿದ. ಒಳಗೆ ಡಾಕ್ಟರ್ ಬೆಚ್ಚಗಿನ ನೀರು ಬಿಟ್ಟರು, ಸಣ್ಣ ಕೊಕ್ಕೆಯಿಂದ ಕೆದಕಿದರು. ಶಿವರಾಜಪ್ಪನ ಕಣ್ಣಲ್ಲಿ ನೀರು ಬಂತು. ಬಲಗಿವಿಯಿಂದ ಕಪ್ಪು ಗಂಟೊಂದು ಕೆಳಗೆ ಹಿಡಿದ ತಟ್ಟೆಗೆ ಬಿತ್ತು, ಹುಣಸೆಬೀಜದಂತಿತ್ತು.

ತಟ್ಟನೆ ಕೋಣೆಯ ತುಂಬ ಸದ್ದು ಬಂತು. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ಹೊರಗೆ ಯಾರದೋ ಮಗು ಅಳುತ್ತಿತ್ತು. ಡಾಕ್ಟರರ ಬಳೆ ತಟ್ಟೆಗೆ ತಾಗಿ ಸಣ್ಣಗೆ ಸದ್ದಾಯಿತು. ಶಿವರಾಜಪ್ಪ ಅಲುಗಾಡದೆ ಕೂತ, ಅಲುಗಾಡಿದರೆ ಎಲ್ಲ ನಿಂತುಹೋದೀತು ಎನ್ನುವಂತೆ. ಎಡಗಿವಿಯದೂ ಬಂತು. ಆಮೇಲೆ ಕಿವಿಗೆ ಪರೀಕ್ಷೆಯ ಮಶೀನು ಹಾಕಿ, ದೊಡ್ಡ ಸದ್ದು ಸಣ್ಣ ಸದ್ದು ಎಲ್ಲ ಕೇಳಿಸಿ, ಡಾಕ್ಟರ್ ಕಾಗದದ ಮೇಲೆ ಗೆರೆ ಎಳೆದರು.

"ನರ ಛಲೋ ಅವ," ಎಂದರು, ಈ ಸಲ ಸಾಧಾರಣ ದನಿಯಲ್ಲಿ. "ಇಂಜಿನ್ ಸದ್ದಿನಾಗ ವರ್ಷಾನುಗಟ್ಟಲೆ ಕೂತೀರಲ್ಲ, ಸ್ವಲ್ಪ ಕಮ್ಮಿ ಅದ. ನಿಮ್ಮ ವಯಸ್ಸಿಗೆ ಅಷ್ಟು ಇರ್ತದ. ಬಸ್ ಹೊಡ್ಯಕ್ಕ ಏನೂ ಅಡ್ಡಿ ಇಲ್ಲ. ತಪಾಸಣಿಗೆ ಈ ಕಾಗದ ತಗೊಂಡು ಹೋಗ್ರಿ. ಕೀಲಿ ಬಸ್ಸಿಗಷ್ಟೇ ಹಾಕ್ರಿ."

"ಆಗ್ಲಿರಿ," ಎಂದ ಶಿವರಾಜಪ್ಪ. ತನ್ನದೇ ಧ್ವನಿ ಅವನಿಗೆ ದೊಡ್ಡದಾಗಿ ಕೇಳಿಸಿತು. ಸ್ವಲ್ಪ ತಗ್ಗಿಸಿ, ತನಗೆ ಗೊತ್ತಾದದ್ದು ಹೇಗೆಂದು ಹೇಳಿದ: ಪೊಲೀಸ್ ಪಿಕ್ಚರು, ದೆವ್ವದ ಪಿಕ್ಚರು, ಅಡಿಕೆ ಇಟ್ಟುಕೊಂಡ ಹೀರೋಗಳು.

"ಆ ಪೊಲೀಸ್ ಪಿಕ್ಚರೇನ್ರಿ?" ಡಾಕ್ಟರ್ ಪೆನ್ನು ಕೆಳಗಿಟ್ಟರು. "ಅದನ್ನ ನಾನೂ ನೋಡೀನಿ. ನನ್ನ ಕಿವಿ ಏನೂ ಕೆಟ್ಟಿಲ್ಲ, ನಂಗೂ ಒಂದು ಮಾತು ತಿಳಿಲಿಲ್ಲ. ಅರ್ಧಕ್ಕ ಎದ್ದು ಬಂದ್ವಿ."

ಶಿವರಾಜಪ್ಪ ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ದೀಪಾವಳಿಯಾದ ಮೇಲೆ ಯಾರ ಮುಖವನ್ನೂ ನೋಡದೆ ನಕ್ಕದ್ದು ಅದೇ ಮೊದಲು. ನಗು ಕೇಳಿ ಗಫೂರ ಬಾಗಿಲು ತಳ್ಳಿ ಒಳಗೆ ಇಣುಕಿದ. ಏನಾಯಿತೆಂದು ಯಾರೂ ಹೇಳಬೇಕಾಗಲಿಲ್ಲ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತು, ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡ.

ಹೊರಗೆ ಬಂದು ಶಿವರಾಜಪ್ಪ ಮನೆಗೆ ಫೋನ್ ಹಚ್ಚಿದ. ರುಕ್ಮಿಣಿಬಾಯಿ ಎತ್ತಿದವಳೇ ಕೂಗಿದಳು: "ಏನಂದ್ರು ಡಾಕ್ಟರು? ಏನಂದ್ರು?"

"ಚೀರಬ್ಯಾಡ," ಎಂದ ಅವನು. "ಮೆಲ್ಲಕ ಹೇಳು, ಕೇಳಸ್ತದ."

ಆ ಕಡೆ ಅವಳು ಅಳುವುದು ಕೇಳಿಸಿತು, ಬಹಳ ಮೆಲ್ಲಗೆ. ಶಿವರಾಜಪ್ಪ ಫೋನು ಇಡಲಿಲ್ಲ. ಅವಳು ಸುಧಾರಿಸಿಕೊಂಡು, ಬರುವಾಗ ಏನಾದರೂ ಸಿಹಿ ತರಲು ಹೇಳುವವರೆಗೂ ಕೇಳುತ್ತಲೇ ನಿಂತಿದ್ದ.

ಬೀದರಿನ ಬಸ್ಸಿನಲ್ಲಿ ಇಬ್ಬರಿಗೂ ಕೊನೆಯ ಸಾಲಿನಲ್ಲಿ ಸೀಟು ಸಿಕ್ಕಿತು. ಕೈಯಲ್ಲಿ ಪೇಢೆಯ ಪೊಟ್ಟಣವಿತ್ತು. ಸ್ವಲ್ಪ ದೂರ ಹೋದ ಮೇಲೆ ಶಿವರಾಜಪ್ಪ ಗಫೂರನ ಕಡೆ ತಿರುಗಿದ.

"ನೀ ಉಸ್ರಾಡಿದ್ರ ಮೂಗು ಕುಂಯ್ ಕುಂಯ್ ಅಂತದಲ್ಲೋ. ಮೊದಲಿಂದ ಹಿಂಗೇ ಅದೇನು?"

"ಬೀಬಿ ಅಂತಾಳ್ರಿ, ಲಗ್ನ ಆದಾಗಿಂದ ಅದ ಅಂತ," ಎಂದ ಗಫೂರ. "ನಂಗರೆ ಎಂದೂ ಕೇಳ್ಸಿಲ್ಲ."

ಶಿವರಾಜಪ್ಪ ಮುಗುಳ್ನಕ್ಕು ಕಿಟಕಿಗೆ ತಲೆಯಾನಿಸಿದ. ಇಂಜಿನ್ನಿನ ಸದ್ದು, ಕಿಟಕಿ ಗಾಜಿನ ಗಡಗಡ, ಮುಂದಿನ ಸೀಟಿನ ಇಬ್ಬರು ಸೋಯಾ ಬೀಜದ ಬಗ್ಗೆ ಮಾಡುತ್ತಿದ್ದ ವಾದ, ಎಲ್ಲ ಬೇರೆಬೇರೆಯಾಗಿ ಕೇಳಿಸುತ್ತಿತ್ತು. ಯಾರು ಗೆಲ್ಲುತ್ತಾರೋ ನೋಡೋಣವೆಂದು ಕಿವಿಗೊಟ್ಟವನು, ವಾದ ಮುಗಿಯುವ ಮುಂಚೆಯೇ ನಿದ್ದೆ ಹೋದ.