ಮರ್ತೋಯ್ತು ಎನ್ನುವವಳು

ಎಷ್ಟೇ ಅಗಲದ ಬಾಗಿಲಿದ್ದರೂ ನಾವೆಲ್ಲ ‘ಗುಂಡು’ ಎಂದೇ ಕರೆಯುತ್ತಿದ್ದ ನನ್ನ ಅಕ್ಕನ ಮಗಳು ಮೈಯನ್ನು ಓರೆ ಮಾಡಿಕೊಂಡೇ ಒಳಬರುತ್ತಿದ್ದಳು; ಜಗತ್ತಿನ ಬಾಗಿಲುಗಳೆಲ್ಲ ಬೇರೆ ಯಾರದೋ ಅಳತೆಗೆ ನಿರ್ಮಿತವಾದವೆಂಬ ಸಂಕೋಚ ಆ ಎಳೆಯ ಹೆಜ್ಜೆಗಳಲ್ಲೇ ಇತ್ತು. ಹುಟ್ಟಿದಾಗ ಕಡ್ಡಿಯಂತಿದ್ದ ಕೂಸು ಬದುಕಿದ್ದೇ ಹೆಚ್ಚೆಂದುಕೊಂಡಿದ್ದ ಅಕ್ಕನಿಗೆ ಮಗಳ ಮೈಯೇರಿದ ಪ್ರತಿ ಮಡಿಕೆಯೂ ದೈವಕೃಪೆ. ತಟ್ಟೆ ಬರಿದಾಗುವ ಮೊದಲೇ ಸೌಟು ಬರುತ್ತಿತ್ತು. “ಉಣ್ಣೋ ಮಗೂನ ಕಣ್ಣಿಟ್ಟು ನೋಡ್ಬೇಡ ಕಣೇ,” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಶಾಲೆಯಲ್ಲಿ ಗುಂಡು ಕೊನೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದಳು. ಮೇಷ್ಟರು ಬಾಯಿಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ಮೊದಲ ಸಂಖ್ಯೆ ಅವಳಿಂದ ಜಾರಿಹೋಗಿರುತ್ತಿತ್ತು. “ಮೈ ಬೆಳೀತು, ಬುದ್ಧಿ ಬೆಳೀಲಿಲ್ಲ,” ಎಂದರು ಅವರು. ತರಗತಿ ಅದನ್ನು ಪಾಠಕ್ಕಿಂತ ಬೇಗ ಕಂಠಪಾಠ ಮಾಡಿತು. ಶಾಲೆಯ ನಾಟಕದಲ್ಲಿ ಅವಳಿಗೆ ರಾಣಿಯ ಪಾತ್ರ, ಒಂದೇ ಮಾತು. ಕನ್ನಡಿಯೆದುರು ಉರುಹೊಡೆದದ್ದೇ ಹೊಡೆದದ್ದು. ರಂಗದ ಮೇಲೆ ಬಾಯಿ ತೆರೆದು, ತಡೆದು, ಕಡೆಗೆ ಮೆಲ್ಲಗೆ, “ಮರ್ತೋಯ್ತು,” ಎಂದಳು. ಅದೂ ನಾಟಕದ್ದೇ ಮಾತೆಂದು ಸಭೆ ಗೊಳ್ಳೆಂದು ನಕ್ಕಿತು. ಅವಳೂ ನಕ್ಕಳು. ಅಂದಿನಿಂದ ಯಾರು ಏನು ಕೇಳಿದರೂ, ಯೋಚಿಸುವ ಮುನ್ನವೇ ಅದೇ ನಗೆ, ಅದೇ ಮಾತು.

ಒಮ್ಮೆ ಕೆಮ್ಮಿಗೆಂದು ಆಸ್ಪತ್ರೆಗೆ ಹೋದಾಗ ಅವಳು ಕುರ್ಚಿಯಲ್ಲೇ ನಿದ್ದೆಹೋದಳು. ಗೊರಕೆಯ ನಡುನಡುವೆ ಉಸಿರು ಕಟ್ಟುತ್ತಿದ್ದುದನ್ನು ಡಾಕ್ಟರಮ್ಮ ನಿಂತು ಕೇಳಿಸಿಕೊಂಡರು. ಪರೀಕ್ಷೆಗಳಾದ ಮೇಲೆ, ಅವಳ ಓದಿನ ವಿಷಯವನ್ನೂ ಕೇಳಿ ತಿಳಿದು ಅವರೆಂದರು: “ಮಗು ದಡ್ಡಿ ಅಲ್ಲಮ್ಮ. ತೂಕ ಹೆಚ್ಚಾಗಿದೆ, ಗಂಟಲಲ್ಲಿ ಟಾನ್ಸಿಲ್ಲೂ ಊದಿದೆ. ಉಸಿರು ಕಟ್ಟಿ ಕಟ್ಟಿ ನಿದ್ದೆನೇ ಆಗ್ತಿಲ್ಲ. ಕಲಿತಿದ್ದು ತಲೇಲಿ ಹೇಗೆ ನಿಲ್ಲುತ್ತೆ?”

“ನಾನೇ ತಿನ್ನಿಸಿ ತಿನ್ನಿಸಿ...” ಎಂದ ಅಕ್ಕ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಶಸ್ತ್ರಚಿಕಿತ್ಸೆಯಾಯಿತು, ಊಟ, ನಡಿಗೆ, ನಿದ್ದೆ ಹದಕ್ಕೆ ಬಂದವು, ವರ್ಷಗಳು ಕಳೆದಂತೆ ಮೈ ಹಗುರಾಯಿತು, ಕಣ್ಣಿನ ಮಬ್ಬು ಹರಿಯಿತು. ಆದರೂ ಕಾಲೇಜು ಸೇರೆಂದರೆ, “ಅದೆಲ್ಲ ಬುದ್ಧಿ ಇರೋರಿಗೆ ಚಿಕ್ಕಮ್ಮ,” ಎಂದು ಲಾಂಡ್ರಿಯ ಕೆಲಸಕ್ಕೆ ಸೇರಿಕೊಂಡಳು.

ಈಚೆಗೆ ಅಲ್ಲಿಗೆ ಹೋಗಿದ್ದೆ. ಇಸ್ತ್ರಿಯ ಹಬೆಯಲ್ಲಿ ಹೊದಿಕೆಗಳನ್ನು ಮಡಿಸುತ್ತಾ, ತೀರಿಹೋದ ಅಜ್ಜಿ ಕಡೆಯ ಸಲ ಬಂದಾಗ ಹೊದ್ದಿದ್ದ ಶಾಲಿನ ಬಣ್ಣ, ಆಡಿದ ಮಾತು, ಅರ್ಧಕ್ಕೇ ನಿಲ್ಲಿಸಿದ ಹಾಡು, ಎಲ್ಲವನ್ನೂ ಹೇಳಿದಳು. ಅಜ್ಜಿಯ ಮಗಳಾದ ನನಗೇ ಅವು ಮಾಸಿಹೋಗಿದ್ದವು.

“ಎಂಥ ನೆನಪೇ ನಿಂದು!” ಎಂದೆ.

“ಅಯ್ಯೋ, ಇದೆಲ್ಲ ನೆನಪಾ ಚಿಕ್ಕಮ್ಮ? ಲಾಂಡ್ರಿ ಓನರ್ರು ಕೌಂಟರ್ ನೋಡ್ಕೋ ಅಂದ್ರು. ನನ್ ತಲೆಗೆ ಹತ್ತಲ್ಲ ಅಂದ್ಬಿಟ್ಟೆ.”

ಇಂಥವರು ಎಲ್ಲೆಡೆ ಇದ್ದಾರೆ. ವ್ಯಾಧಿ ಬಿಟ್ಟುಹೋದರೂ, ಆ ದಿನಗಳಲ್ಲಿ ಲೋಕವಿತ್ತ ತೀರ್ಪನ್ನು ಬಿಡಲಾರದವರು; ತಮ್ಮನ್ನು ಕುರಿತ ಸುಳ್ಳೊಂದನ್ನು ಜೀವಮಾನವಿಡೀ ಒಂದಕ್ಷರವೂ ತಪ್ಪದಂತೆ ನೆನಪಿಟ್ಟುಕೊಂಡವರು.