ಗಾಣಕ್ಕೆ ಬೇಕಾದ ಎಕ್ಸ್

ಫ್ಯಾನಿನ ಗಾಳಿಗೆ ಅರ್ಜಿಯ ಮೂಲೆ ಏಳುತ್ತಿದೆ, ಬೀಳುತ್ತಿದೆ, ಈ ಬ್ಯಾಂಕ್ ಮ್ಯಾನೇಜರು ಅದರ ಮೇಲೆ ಏನಾದರೂ ಇಡಬಾರದೇ — ಮತ್ತೆ ಕೇಳುತ್ತಿದ್ದಾರೆ, ಗಾಣಕ್ಕೆ ಎರಡು ಲಕ್ಷ ಹತ್ತು ಸಾವಿರ, ಬಡ್ಡಿ ನೂರಕ್ಕೆ ಹತ್ತು, ಎರಡೇ ವರ್ಷದಲ್ಲಿ ಹಾಕಿದ್ದು ವಾಪಸ್ ಬರ್ಬೇಕು ಅಂದ್ರೆ ವರ್ಷಕ್ಕೆ ಎಷ್ಟು ಉಳೀಬೇಕು ಹೇಳಿ ಮೇಡಂ, ಲೆಕ್ಕ ಗೊತ್ತಿಲ್ಲದ ಸಂಘಕ್ಕೆ ಸಾಲ ಹೇಗೆ ಕೊಡ್ಲಿ, ಪಕ್ಕದಲ್ಲಿ ನಮ್ಮ ಸಂಘದ ಅಧ್ಯಕ್ಷೆ ಅನಸೂಯಮ್ಮ ಮೊಣಕೈಯಲ್ಲಿ ತಿವಿಯುತ್ತಾಳೆ, ಒಂದು ಲಕ್ಷ ಐದು ಸಾವ್ರ ಅನ್ನು ಪ್ರತಿಭಾ, ಅರ್ಧ ಮಾಡುದ್ರಾಯ್ತು ಕಣವ್ವಾ — ಅರ್ಧವಲ್ಲ, ಮುಂದಿನ ವರ್ಷದ ರೂಪಾಯಿ ಇವತ್ತಿನ ರೂಪಾಯಿಯಷ್ಟು ತೂಗುವುದಿಲ್ಲ, ಇದು ನನಗೆ ಗೊತ್ತಿತ್ತು, ಹಾಸನದಲ್ಲಿ ಬಿಕಾಂ ಕೊನೆಯ ಪರೀಕ್ಷೆ, ನಿವ್ವಳ ಪ್ರಸ್ತುತ ಮೌಲ್ಯ, ಅಂದರೆ ಮುಂದೆ ಬರುವುದರ ಇವತ್ತಿನ ಬೆಲೆಯಲ್ಲಿ ಹಾಕಿದ್ದನ್ನು ಕಳೆದದ್ದು, ಅದು ಸೊನ್ನೆಯಾಗುವ ಎಕ್ಸ್ ಕಂಡುಹಿಡಿಯಿರಿ, ಅರ್ಧ ಪುಟಕ್ಕೆ ಪೆನ್ನು ನಿಂತಿತು, ಆರು ಅಂಕದಲ್ಲಿ ಫೇಲು, ಬುಡು ಮಗಾ ಕಾಯಿ ಸುಲಿಯಾಕೆ ಡಿಗ್ರಿ ಯಾಕೆ ಅಂದರು ಅಪ್ಪ, ಹಳೇಕೋಟೆಗೆ ಮದುವೆ ಮಾಡಿಕೊಟ್ಟರು, ಇಪ್ಪತ್ತು ವರ್ಷ ಸುಲಿದೆ, ಈಗ ಹೊರಗಿನ ಬೆಂಚಿನ ಮೇಲೆ ಸಂಘದ ಎಂಟು ಜನ ಹೆಂಗಸರು, ಬೇರೆಯವರ ಗಾಣದ ಮುಂದೆ ಕೊಬ್ಬರಿ ಮೂಟೆ ಇಟ್ಟುಕೊಂಡು ಅರ್ಧ ದಿನ ಕಾಯುವವರು, ಬಾಗಿಲ ಕಡೆಗೇ ನೋಡುತ್ತಿದ್ದಾರೆ — ಸೂತ್ರ ನೆನಪಾಗುತ್ತಿಲ್ಲ, ಬೇಡ, ಸೂತ್ರ ಬೇಡ, ಇವತ್ತಿನ ನೂರು ರೂಪಾಯಿ ಒಂದು ವರ್ಷ ಕಳೆದರೆ ನೂರಾಹತ್ತು, ಎರಡು ವರ್ಷ ಕಳೆದರೆ ನೂರಿಪ್ಪತ್ತೊಂದು, ಹಾಗಾದರೆ ಹಿಂದಕ್ಕೆ ಬಾ, ಎರಡನೇ ವರ್ಷ ಕೈಗೆ ಬರುವ ನೂರಿಪ್ಪತ್ತೊಂದು ಇವತ್ತಿಗೆ ಬರೀ ನೂರು, ಮೊದಲ ವರ್ಷವೂ ಅಷ್ಟೇ ಬಂದರೆ ಅದು ಇವತ್ತಿಗೆ ನೂರಾಹತ್ತು, ಕೂಡು, ನೂರು, ನೂರಾಹತ್ತು, ಇನ್ನೂರಾಹತ್ತು — ಇನ್ನೂರಾಹತ್ತು! ಸಾವಿರಗಳಲ್ಲಿ ಗಾಣದ ಬೆಲೆಯೇ ಅದು, ಒಂದು ರೂಪಾಯಿ ಹೆಚ್ಚಿಲ್ಲ ಕಡಿಮೆಯಿಲ್ಲ, ನನ್ನ ಬಾಯಿ ನನಗಿಂತ ಮೊದಲೇ ಹೇಳಿಬಿಟ್ಟಿದೆ, ಒಂದು ಲಕ್ಷ ಇಪ್ಪತ್ತೊಂದು ಸಾವಿರ ಸರ್, ನಮ್ಮ ಎಣ್ಣೆ ಆರ್ಡರಿನಲ್ಲಿ ವರ್ಷಕ್ಕೆ ಒಂದು ಲಕ್ಷ ನಲವತ್ತು ಸಾವಿರ ಉಳಿಯುತ್ತೆ, ಪುಸ್ತಕ ನೋಡಿ, ದನಿ ಎಷ್ಟು ಜೋರಾಯಿತು, ಕೌಂಟರಿನಲ್ಲಿದ್ದವರೂ ತಿರುಗಿದರು, ತಿರುಗಲಿ, ಮ್ಯಾನೇಜರು ನನ್ನ ಅಂಕಿಯನ್ನು ಕಂಪ್ಯೂಟರಿಗೆ ಹಾಕುತ್ತಾರೆ, ಹುಬ್ಬೇರಿಸುತ್ತಾರೆ, ಪರದೆಯನ್ನು ನಮ್ಮ ಕಡೆ ತಿರುಗಿಸುತ್ತಾರೆ, ಅಯ್ಯೋ ಸೊನ್ನೆ ಬಂತಲ್ಲವ್ವಾ, ಅಂಗಾರೆ ಓಯ್ತಾ ನಮ್ಮ ಗಾಣ, ಅನಸೂಯಮ್ಮ ನನ್ನ ಕೈ ಹಿಡಿದಿದ್ದಾಳೆ, ಇಲ್ಲ ಕಣಕ್ಕಾ, ಸೊನ್ನೇನೇ ಬರ್ಬೇಕು, ಹಾಕಿದ್ದಕ್ಕೂ ಬಂದಿದ್ದಕ್ಕೂ ಸರಿಹೋದ್ರೆ ಸೊನ್ನೆ, ಅದರ ಮೇಲಿನದೆಲ್ಲಾ ನಮ್ದು, ಸರಿಯಾಗಿದೆ ಮೇಡಂ, ಅಧ್ಯಕ್ಷರು ಇಲ್ಲಿ ಸೈನ್ ಮಾಡಿ ಅನ್ನುತ್ತಿದ್ದಾರೆ ಮ್ಯಾನೇಜರು, ಅನಸೂಯಮ್ಮ ಅಳುತ್ತಾಳೋ ನಗುತ್ತಾಳೋ, ನೋಡಬೇಕು, ಹೊರಗೆ ಹೋಗಿ ಎಂಟು ಜನಕ್ಕೂ ಹೇಳಬೇಕು, ಏಳಬೇಕು, ಕಣ್ಣು ಮಾತ್ರ ಪರದೆ ಬಿಟ್ಟು ಬರುತ್ತಿಲ್ಲ, ಬಿಳಿ ಪರದೆ, ನಡುವೆ ಅದೊಂದೇ, ದುಂಡಗೆ, ಸೊನ್ನೆ, ನಾನು ತಂದ ಸೊನ್ನೆ