ದೊಡ್ಡಮ್ಮನ ಪಾಠ, ಚಿಕ್ಕಮ್ಮನ ಬ್ಯಾಗು

ಚಿಕ್ಕಮ್ಮ ಬಸ್ಸಿನಿಂದ ಇಳಿಯುವುದನ್ನು ನೋಡಬೇಕು. ಮೊದಲು ಬ್ಯಾಗು ಇಳಿಯುತ್ತದೆ, ಆಮೇಲೆ ಚಿಕ್ಕಮ್ಮ. ಮಡಚಿದ ಎಡಗೈಗೆ ತೂಗುಬಿದ್ದ ಆ ಜೇನುಬಣ್ಣದ ಬ್ಯಾಗು ದಿಗ್ವಿಜಯ ಮುಗಿಸಿದ ಪಟ್ಟದಾನೆಯ ಗಾಂಭೀರ್ಯದಲ್ಲಿ ತೊನೆಯುತ್ತ ಮುಂದೆ ಸಾಗಿದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. ಅದರ ಹೊಳೆಯುವ ಕೊಂಡಿಯ ಮೇಲೆ ಮಹಾರಾಣಿಯರಿಗೂ ನಟಿಯರಿಗೂ ಬ್ಯಾಗು ಹೊಲಿದುಕೊಡುವ ಕಂಪನಿಯ ಮುದ್ರೆ; ಒಳಗೆ ಊಟದ ಡಬ್ಬಿ, ಒದ್ದೆ ಕೊಡೆ, ಒಂದು ಜೊತೆ ಹಳೆಯ ಚಪ್ಪಲಿ. ಯಾರಾದರೂ ಕಣ್ಣರಳಿಸಿ ಅಸಲಿಯೇ ಎಂದು ಕೇಳಿದರೆ, ಪದವಿ ಹೇಳಿಕೊಳ್ಳುವವರ ಹೆಮ್ಮೆಯಲ್ಲಿ, "ಡೂಪ್ಲಿಕೇಟು. ಒಂದನೇ ನಂಬರ್ ಡೂಪ್ಲಿಕೇಟು" ಎನ್ನುತ್ತಾಳೆ.

ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಮೂಗಿಗೆ ಫ್ರೇಮು ಹೊಂದಿಸುವುದು ಅವಳ ಕೆಲಸ. ಕೂದಲೆಳೆಯ ಸೊಟ್ಟವನ್ನೂ ಆ ಕಣ್ಣು ಬಿಡುವುದಿಲ್ಲ. ಬ್ಯಾಗು ಕೊಳ್ಳಲು ಸಂತೆಬೀದಿಗೆ ಹೋದವಳು ಗುಡ್ಡೆಗಟ್ಟಿದ್ದ ನಕಲಿಗಳನ್ನು ಒಂದೊಂದಾಗಿ ಒಳಹೊರಗು ಮಾಡಿ, ಜಿಪ್ಪು ಎಳೆದು, ಹೊಲಿಗೆ ಜಗ್ಗಿ, ಮೂಸಿ, ವ್ಯಾಪಾರಿ ಸುಸ್ತಾಗಿ ಸ್ಟೂಲಿನ ಮೇಲೆ ಕೂತ ಮೇಲೆ ಒಂದನ್ನು ಆರಿಸಿದಳಂತೆ. ಇಂಥ ಶೋಕಿ ಯಾಕೆಂದು ಚಿಕ್ಕಪ್ಪ ಗೊಣಗಿದ್ದಕ್ಕೆ, "ಚೆಂದ ನೋಡು ಅಂತ ಕಣ್ಣು ಕೊಟ್ಟ ದೇವರು ಜೊತೆಗೆ ಬಿಲ್ ಕಳಿಸಿದ್ನಾ?" ಎಂದು ಅವರ ಬಾಯಿ ಮುಚ್ಚಿಸಿದಳು.

ದೊಡ್ಡಮ್ಮ, ಅಂದರೆ ಚಿಕ್ಕಮ್ಮನ ವಾರಗಿತ್ತಿ, ಅದೇ ಬ್ಯಾಗಿನ ಅಸಲಿಯನ್ನು ಕೊಂಡಿದ್ದರು. ಅದು ಮೆತ್ತನೆಯ ಬಟ್ಟೆಯ ಚೀಲದೊಳಗೆ ಮಲಗಿ, ಬೀರುವಿನಲ್ಲಿ ಕಾಲ ಕಳೆಯುವ ಬ್ಯಾಗು. ಒಂದು ಭಾನುವಾರ ಅವರ ಮನೆಯಲ್ಲಿ ಎಲ್ಲರೂ ಊಟಕ್ಕೆ ಸೇರಿದ್ದಾಗ, ಹೊಸದಾಗಿ ಮನೆಗೆ ಬಂದ ಸೊಸೆಗೆ ಅಸಲಿ ನಕಲಿಗಳ ವ್ಯತ್ಯಾಸ ಕಲಿಸುವ ಹುಮ್ಮಸ್ಸು ದೊಡ್ಡಮ್ಮನಿಗೆ ಬಂತು. ಎರಡೂ ಬ್ಯಾಗುಗಳನ್ನು ಮಂಚದ ಮೇಲೆ ಬರಿದು ಮಾಡಿದರು. ಹೊಲಿಗೆ ತೋರಿಸಿದರು, ತೂಗಿಸಿದರು, ಕಿಟಕಿಯ ಬೆಳಕಿಗೆ ಒಯ್ದರು, ಮತ್ತೆ ತಂದರು, ಕಣ್ಣುಮುಚ್ಚಿ ಸವರಿ ಇದೇ ಅಸಲಿ ಚರ್ಮದ ಗುಣ ಎಂದರು. ಕೊನೆಗೆ, ಆ ವಿದ್ವತ್ತಿನ ಭರಾಟೆಯಲ್ಲಿ, ತಮ್ಮ ಸಾಮಾನನ್ನೆಲ್ಲ ಚಿಕ್ಕಮ್ಮನ ಬ್ಯಾಗಿಗೆ ತುಂಬಿಕೊಂಡರು.

"ಅಕ್ಕಾ, ಅದು ನಂದು," ಎಂದಳು ಚಿಕ್ಕಮ್ಮ.

ದೊಡ್ಡಮ್ಮ ಸೊಸೆಯ ಕಡೆ ನೋಡಿ ನಕ್ಕರು. "ನೋಡಿದ್ಯಾ ಇವಳ ಕಿಲಾಡಿತನ? ಡೂಪ್ಲಿಕೇಟ್ ನನಗೆ ಅಂಟಿಸಿ ಅಸಲಿ ಹೊಡ್ಕೊಂಡು ಹೋಗೋ ಪ್ಲಾನು."

ಎಲ್ಲರೂ ನಕ್ಕರು. ಸೊಸೆ ಮಾತ್ರ ನಗಲಿಲ್ಲ. ಚಿಕ್ಕಮ್ಮನನ್ನು ಒಂದು ಥರ ನೋಡಿದಳು. ಸುಳ್ಳು ಬ್ಯಾಗು ಹಿಡಿದು ಸುಳ್ಳು ಹೇಳದೆ ಬದುಕಿದ ಹೆಂಗಸಿಗೆ ಆ ನೋಟ ಚುಚ್ಚಿತು. ಅವಳ ಬ್ಯಾಗಿನ ಬಾರು ಒಮ್ಮೆ ಕಿತ್ತುಹೋದಾಗ ಚಮ್ಮಾರ ಅದರ ಅಡಿಗೆ ಕಪ್ಪು ದಾರದ ದಪ್ಪ ಹೊಲಿಗೆ ಹಾಕಿದ್ದ. ಅದನ್ನು ಮಗುಚಿ ತೋರಿಸಿದರೆ ವ್ಯಾಜ್ಯ ಅಲ್ಲಿಗೆ ಮುಗಿಯುತ್ತಿತ್ತು. ಅವಳ ಕೈ ಬಾರಿನವರೆಗೂ ಹೋಯಿತು. ಆದರೆ ಅಷ್ಟು ಹೊತ್ತು ಸೊಸೆಯ ಮುಂದೆ ಪಾಠ ಮಾಡಿ ಕೆಂಪೇರಿದ್ದ, ಗೆದ್ದ ಸಂತೋಷದಲ್ಲಿ ಬೆವರುತ್ತಿದ್ದ ದೊಡ್ಡಮ್ಮನ ಮುಖ ಕಣ್ಣಿಗೆ ಬಿತ್ತು. ಕೈ ಹಿಂದಕ್ಕೆ ಬಂತು.

"ಹೋಗ್ಲಿ ಬಿಡಕ್ಕಾ," ಎಂದಳು. "ಸಿಕ್ಕಿಬಿದ್ದೆ."

ಅಸಲಿ ಬ್ಯಾಗು ಹೊತ್ತ ಚಿಕ್ಕಮ್ಮ ಆ ಸಂಜೆ ಬಸ್ಸಿನಲ್ಲಿ ಪಟ್ಟ ಪಾಡು ಶತ್ರುವಿಗೂ ಬೇಡ. ಡಬ್ಬಿಯ ಎಣ್ಣೆ ತಾಗೀತೆಂದು ಅದನ್ನು ಬೇರೆ ಕವರಿಗೆ ಹಾಕಿ, ಕೊಡೆಯನ್ನು ಕಂಕುಳಲ್ಲಿ ಅವುಚಿ, ಬ್ಯಾಗನ್ನು ಹಸುಗೂಸಿನಂತೆ ಎದೆಗಾನಿಸಿ, ಪಕ್ಕದವರು ಕೆಮ್ಮಿದರೂ ಬೆಚ್ಚುತ್ತ ಕೂತಿದ್ದಳು. ಮರುದಿನ ದೊಡ್ಡಮ್ಮನ ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ ಅವರ ಮನೆಗೆ ಹೋಗಿ, ಬಾಗಿಲು ಹಾಕಿಕೊಂಡು, ಕಪ್ಪು ಹೊಲಿಗೆ ತೋರಿಸಿದಳು.

ದೊಡ್ಡಮ್ಮ ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. "ನಿನ್ನೇನೇ ತೋರಿಸ್ಬೇಕಿತ್ತು ನೀನು."

"ಅಷ್ಟು ಜನದ ಮುಂದಾ? ಕಾಫಿ ಮಾಡಕ್ಕಾ, ಅಂಗಡಿಗೆ ಹೊತ್ತಾಗುತ್ತೆ."

ಕಾಫಿ ಕುಡಿದು ತನ್ನ ನಕಲಿಯನ್ನು ಮೊಣಕೈಗೇರಿಸಿಕೊಂಡು ಹೊರಟಳು. ಸೊಸೆಗೆ ನಿಜ ಹೇಳುವ ಧೈರ್ಯ ದೊಡ್ಡಮ್ಮನಿಗೆ ಬರಲಿಲ್ಲ. ಚಿಕ್ಕಮ್ಮ ಒತ್ತಾಯಿಸಲೂ ಇಲ್ಲ. ಅವಳು ಬಂದಾಗಲೆಲ್ಲ ಆ ಹುಡುಗಿ ಈಗಲೂ ಮೆಲ್ಲಗೆ ಹೋಗಿ ಬೀರುವಿಗೆ ಬೀಗ ಹಾಕುತ್ತಾಳೆ.

ನಕಲಿ ಕೊಳ್ಳುವವರೆಲ್ಲ ಲೋಕದ ಕಣ್ಣಿಗೆ ಮಣ್ಣೆರಚಲು ಹೊರಟವರೆಂದು ತಿಳಿದವರು ಈ ಕುಲದವರನ್ನು ಹತ್ತಿರದಿಂದ ಕಂಡಿಲ್ಲ. ಚೆಂದವೆನಿಸಿದ್ದನ್ನು ಕೈಗೆಟಕುವಷ್ಟಕ್ಕೆ ಎತ್ತಿಕೊಂಡು ಇವರು ಸುಖವಾಗಿರುತ್ತಾರೆ. ಮಾನ ಯಾರಿಗೆ ಹೆಚ್ಚು ದುಬಾರಿಯೋ ಅವರಿಗೆ ತಮ್ಮದನ್ನು ಬಿಟ್ಟುಕೊಟ್ಟು ಬರುತ್ತಾರೆ. ಪ್ರತಿ ಮನೆತನದಲ್ಲೂ ಇಂಥವರು ಒಬ್ಬರಿರುತ್ತಾರೆ, ಅವರು ಮಾಡದ ಕಳ್ಳತನದ ಕಥೆಯೊಂದನ್ನು ಮನೆಯವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿರುತ್ತಾರೆ. ಅವರೂ ಕೂತು ಕೇಳುತ್ತಾರೆ, ಮರೆತ ವಿವರಗಳನ್ನು ನೆನಪಿಸಿಕೊಡುತ್ತಾರೆ.